ಎರಡು ಭಾಷೆಯ ಪಂತುಲು ಮೇಷ್ಟ್ರು

ಸೇಡಂ, ಚಿಂಚೋಳಿ ಕಡೆಯ ಶಾಲೆಗಳಲ್ಲಿ ಮಕ್ಕಳ ಮಾತಿಗೆ ಕಿವಿಗೊಟ್ಟವರಿಗೆ ಒಂದು ಸಂಗತಿ ಬೇಗ ಗೊತ್ತಾಗುತ್ತದೆ. ಒಂದೇ ಬೆಂಚಿನಲ್ಲಿ ಕೂತ ನಾಲ್ವರ ಮನೆಮಾತು ನಾಲ್ಕು ಬಗೆಯದಾಗಿರಬಹುದು. ಒಬ್ಬನದು ಕನ್ನಡ, ಇನ್ನೊಬ್ಬಳದು ತೆಲುಗು, ಮತ್ತೊಬ್ಬನದು ಉರ್ದು, ತಾಂಡಾದಿಂದ ಬಂದ ಹುಡುಗಿಯದು ಲಂಬಾಣಿ. ಆಟಕ್ಕೆ ಬಿಟ್ಟಾಗ ನಾಲ್ಕೂ ಕಲೆತು ಒಂದು ಮಾತಾಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ತಂದೆತಾಯಿಗೆ ಚಿಂತೆ ಹತ್ತುತ್ತದೆ. ‘ನಮ್ಮ ಹುಡುಗಗ ಯಾವ ಭಾಷಾನೂ ನೆಟ್ಟಗ ಬರಂಗಿಲ್ರೀ’ ಎಂಬ ಮಾತು ಈ ಕಡೆಯ ಪಾಲಕರ ಸಭೆಗಳಲ್ಲಿ ಹೊಸದೇನಲ್ಲ.

ಈ ಸೀಮೆಯ ರೈಲು ದಾರಿಯೂ ಭಾಷೆಗಳ ಹಾಗೆಯೇ ಕೂಡಿ ಕವಲೊಡೆಯುತ್ತದೆ. ಶಹಾಬಾದ್ ದಾಟಿ ವಾಡಿ ಜಂಕ್ಷನ್ನಿಗೆ ಬಂದ ಗಾಡಿ ನೆಟ್ಟಗೆ ಹೋದರೆ ಯಾದಗಿರಿ, ರಾಯಚೂರು ಹಾದು ಚೆನ್ನೈ ಸೇರುತ್ತದೆ. ಎಡಕ್ಕೆ ಹೊರಳಿದರೆ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಹೈದರಾಬಾದ್ ಕಡೆಗೆ. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ದಾರಿ ಅದು. ಎರಡು ದಾರಿ ಕೂಡುವ ಊರಿನಲ್ಲಿ ಬೆಳೆದ ಮಗು ಎರಡು ಮೂರು ಭಾಷೆ ಕಲಿಯುವುದು ಸಹಜ. ಅದು ಕೊರತೆಯೋ ಬಂಡವಾಳವೋ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ಒಬ್ಬ ಮನುಷ್ಯನ ಬದುಕನ್ನು ನೋಡಬೇಕು. ಅವರೂ ಗಡಿನಾಡಿನವರು. ಅವರ ಗಡಿ ಮಾತ್ರ ರಾಜ್ಯದ ಇನ್ನೊಂದು ತುದಿಯದು. ಕನ್ನಡ, ತೆಲುಗು, ತಮಿಳು ಮೂರೂ ಕೂಡುವ ಕೋಲಾರ–ಚಿತ್ತೂರು ಸೀಮೆಯದು. ತಮಿಳು ಚಿತ್ರರಂಗದ ಚರಿತ್ರೆ ಬರೆಯುವವರು ಅವರ ಹೆಸರು ಬಿಟ್ಟು ಬರೆಯಲಾರರು. ಕನ್ನಡ ಚಿತ್ರರಂಗದ ಚರಿತ್ರೆಯೂ ಅವರಿಲ್ಲದೆ ಪೂರ್ಣವಾಗದು. ಅವರೇ ನಿರ್ಮಾಪಕ, ನಿರ್ದೇಶಕ, ನಟ ಬಿ.ಆರ್. ಪಂತುಲು.

ಹೆಸರೇ ಮೇಷ್ಟ್ರು

ಬಿ.ಆರ್. ಪಂತುಲು ಹುಟ್ಟಿದ್ದು 1910ರ ಜುಲೈ 26ರಂದು. ‘ಪಂತುಲು’ ಎಂಬುದು ತೆಲುಗಿನ ಮಾತು. ಪಾಠ ಹೇಳುವವರು, ಮೇಷ್ಟ್ರು ಎಂದು ಅದರ ಅರ್ಥ. ಹೆಸರಿಗೆ ತಕ್ಕಂತೆ ಅವರು ಬದುಕು ಆರಂಭಿಸಿದ್ದೂ ಶಿಕ್ಷಕರಾಗಿಯೇ. ಆದರೆ ಮನಸ್ಸು ಎಳೆದದ್ದು ರಂಗಭೂಮಿಯ ಕಡೆಗೆ. ನಾಟಕ ಮಂಡಳಿ ಸೇರಿ ಬಣ್ಣ ಹಚ್ಚಿದರು.

ಆಗಿನ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಶಿಕ್ಷಕನಿಗೆ ಊರಿನಲ್ಲಿ ಮರ್ಯಾದೆಯಿತ್ತು, ಕಡಿಮೆಯಾದರೂ ತಿಂಗಳ ಸಂಬಳವಿತ್ತು. ನಾಟಕದವನಿಗೆ ಎರಡೂ ಖಾತ್ರಿಯಿರಲಿಲ್ಲ. ಆದರೂ ಕಂಪೆನಿ ನಾಟಕ ಎಂಬುದು ಆ ದಿನಗಳ ದೊಡ್ಡ ಪಾಠಶಾಲೆ. ಮಾತನ್ನು ಸ್ಪಷ್ಟವಾಗಿ ಕೊನೆಯ ಸಾಲಿನವರೆಗೆ ಮುಟ್ಟಿಸುವುದು, ಒಂದು ಊರಿನ ಜನ ಎಲ್ಲಿ ನಗುತ್ತಾರೆ, ಎಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ ಎಂದು ತಿಳಿಯುವುದು, ಇದ್ದ ಪರದೆಯಲ್ಲೇ ಅರಮನೆ ಕಟ್ಟುವುದು, ರಾತ್ರಿಯ ಕಲೆಕ್ಷನ್ ಎಣಿಸಿ ನಾಳೆಯ ಊಟಕ್ಕೆ ಲೆಕ್ಕ ಹಾಕುವುದು, ಇವೆಲ್ಲ ಅಲ್ಲಿನ ಪಾಠಗಳು.

ಎಚ್.ಎಲ್.ಎನ್. ಸಿಂಹ ಅವರು ತಮ್ಮ ‘ಸಂಸಾರ ನೌಕೆ’ ನಾಟಕವನ್ನು 1936ರಲ್ಲಿ ಸಿನಿಮಾ ಮಾಡಿದಾಗ ಅದರ ನಾಯಕ ಪಂತುಲು, ನಾಯಕಿ ಎಂ.ವಿ. ರಾಜಮ್ಮ. ಪುರಾಣದ ಕಥೆಗಳೇ ತುಂಬಿದ್ದ ಕಾಲದಲ್ಲಿ ಬಂದ ಈ ಚಿತ್ರವನ್ನು ಕನ್ನಡದ ಮೊದಲ ಸಾಮಾಜಿಕ ಚಿತ್ರ ಎಂದು ಗುರುತಿಸಲಾಗುತ್ತದೆ. ಆಗ ಪಂತುಲು ಅವರಿಗೆ 26 ವರ್ಷ. ಇಲ್ಲಿಂದ ಅವರು ಸ್ವಂತ ಚಿತ್ರ ನಿರ್ಮಿಸಲು ಹದಿನೆಂಟು ವರ್ಷ ಬೇಕಾಯಿತು, ನಿರ್ದೇಶಕನ ಕುರ್ಚಿಯಲ್ಲಿ ಕೂರಲು ಇನ್ನೂ ಮೂರು ವರ್ಷ. ಪಿಯುಸಿ ಮುಗಿಯುವುದರೊಳಗೆ ಬದುಕಿನ ದಾರಿಯೆಲ್ಲ ತೀರ್ಮಾನವಾಗಬೇಕೆಂದು ಅವಸರಪಡುವ ಮನೆಗಳು ಈ ಲೆಕ್ಕವನ್ನು ಒಮ್ಮೆ ಗಮನಿಸಬೇಕು.

ಮದರಾಸಿನ ಅಂಗಳ

ಇಂದಿನ ವಿದ್ಯಾರ್ಥಿಗಳು ಕೇಳಬಹುದು: ಕನ್ನಡದ ನಟ ಮದರಾಸಿಗೇಕೆ ಹೋಗಬೇಕಾಯಿತು? ಆಗ ದಕ್ಷಿಣ ಭಾರತದ ನಾಲ್ಕೂ ಭಾಷೆಗಳ ಸಿನಿಮಾಕ್ಕೆ ಮದರಾಸೇ ರಾಜಧಾನಿ. ದೊಡ್ಡ ಸ್ಟುಡಿಯೋಗಳು, ಲ್ಯಾಬೊರೇಟರಿಗಳು, ಕ್ಯಾಮೆರಾ ಬಾಡಿಗೆಗೆ ಕೊಡುವವರು, ವಾದ್ಯಗಾರರು, ಸೆಟ್ ಹಾಕುವ ಬಡಗಿಗಳು, ಹಣ ಹೂಡುವವರು ಎಲ್ಲರೂ ಅಲ್ಲೇ. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಆದದ್ದು 1966ರ ಮಾತು. ಅಲ್ಲಿಯವರೆಗೆ, ಆನಂತರವೂ ಎಷ್ಟೋ ವರ್ಷ, ಕನ್ನಡದ ಬಹುಪಾಲು ಚಿತ್ರಗಳು ಹುಟ್ಟುತ್ತಿದ್ದದ್ದು ತಮಿಳು ನೆಲದಲ್ಲಿ.

ಪಂತುಲು ಅಲ್ಲಿಗೆ ಹೋಗಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ನಟಿಸಿದರು. ನಟಿಸುತ್ತಲೇ ಇಡೀ ಉದ್ಯಮದ ಒಳಗುಟ್ಟು ಕಲಿತರು. 44ನೇ ವಯಸ್ಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಹೆಸರಿನಲ್ಲಿ ‘ಕಲ್ಯಾಣಂ ಪಣ್ಣಿಯುಂ ಬ್ರಹ್ಮಚಾರಿ’ (1954) ಎಂಬ ತಮಿಳು ಚಿತ್ರ ತೆಗೆದರು. ಶಿವಾಜಿ ಗಣೇಶನ್ ಅದರ ನಟರಲ್ಲೊಬ್ಬರು. ನಿರ್ದೇಶನ ಮಾತ್ರ ಪಂತುಲು ಅವರದಲ್ಲ, ಪಿ. ನೀಲಕಂಠನ್ ಅವರದು. ಹಣ ಹಾಕಿದವನೇ ಎಲ್ಲ ಕುರ್ಚಿಯಲ್ಲೂ ಕೂರಬೇಕೆಂಬ ಹಟ ಅವರಿಗಿರಲಿಲ್ಲ. ಮೊದಲು ಹತ್ತಿರದಿಂದ ನೋಡಿದರು, ಆಮೇಲೆ ಕೈ ಹಾಕಿದರು.

ಮರುವರ್ಷವೇ ಅವರ ಸಂಸ್ಥೆಯ ವಿಶೇಷ ಗುಣ ಕಾಣಿಸಿಕೊಂಡಿತು. 1955ರಲ್ಲಿ ಒಂದೇ ಕಥೆ ತಮಿಳಿನಲ್ಲಿ ‘ಮುದಲ್ ತೇದಿ’ ಆಯಿತು, ಕನ್ನಡದಲ್ಲಿ ‘ಮೊದಲ ತೇದಿ’ ಆಯಿತು. ತಿಂಗಳ ಒಂದನೇ ತಾರೀಖಿನ ಸಂಬಳವನ್ನೇ ನಂಬಿದ ಸಂಸಾರದ ಕಥೆ. ವಾಡಿ, ಶಹಾಬಾದಿನ ಕಾರ್ಖಾನೆ ಕಾಲೊನಿಗಳ ಮನೆಗಳಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಮಿಳು ಮನೆಗೂ ಕನ್ನಡ ಮನೆಗೂ ಒಂದನೇ ತಾರೀಖು ಒಂದೇ ದಿನ ಬರುತ್ತದೆ ಎಂಬುದು ಪಂತುಲು ಅವರಿಗೆ ತಿಳಿದಿತ್ತು.

1957ರಲ್ಲಿ ತಮಿಳಿನಲ್ಲಿ ‘ತಂಗಮಲೈ ರಹಸಿಯಂ’, ಕನ್ನಡದಲ್ಲಿ ‘ರತ್ನಗಿರಿ ರಹಸ್ಯ’ ಬಂದವು. ತಮಿಳಿನದನ್ನು ನೀಲಕಂಠನ್ ನಿರ್ದೇಶಿಸಿದರೆ ಕನ್ನಡದ್ದನ್ನು ಪಂತುಲು ತಾವೇ ನಿರ್ದೇಶಿಸಿದರು. ಆಗ ಅವರಿಗೆ 47.

ಒಂದು ಸೆಟ್, ಎರಡು ಮಾತು

ಎರಡು ಭಾಷೆಯಲ್ಲಿ ಚಿತ್ರ ಮಾಡುವುದೆಂದರೆ ಏನು? ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಈಗ ಒಂದು ಭಾಷೆಯ ಚಿತ್ರಕ್ಕೆ ಇನ್ನೊಂದು ಭಾಷೆಯ ದನಿ ಸೇರಿಸಿ ಒಂದೇ ದಿನ ದೇಶದ ತುಂಬ ಬಿಡುಗಡೆ ಮಾಡುತ್ತಾರೆ. ಆ ದಿನಗಳ ದ್ವಿಭಾಷಾ ಚಿತ್ರ ಹಾಗಲ್ಲ. ಪ್ರತಿ ಭಾಷೆಗೂ ಬೇರೆಯಾಗಿ ಚಿತ್ರೀಕರಣ ನಡೆಯಬೇಕು. ಒಂದೇ ಸೆಟ್ಟಿನಲ್ಲಿ ಮೊದಲು ಒಂದು ಭಾಷೆಯ ನಟರು ದೃಶ್ಯ ಮುಗಿಸುತ್ತಾರೆ. ಅದೇ ಬೆಳಕಿನಲ್ಲಿ, ಅದೇ ಕ್ಯಾಮೆರಾ ಮುಂದೆ ಇನ್ನೊಂದು ಭಾಷೆಯವರು ನಿಲ್ಲುತ್ತಾರೆ. ಎರಡೂ ಭಾಷೆ ಬಲ್ಲ ನಟನಿದ್ದರೆ ಅವನು ಎರಡು ಸಲ ಅಳಬೇಕು, ಎರಡು ಸಲ ನಗಬೇಕು.

ಇದರ ಲಾಭ ಲೆಕ್ಕದಲ್ಲಿದೆ. ಸೆಟ್ಟಿನ ಮರಮುಟ್ಟು, ಉಡುಪು, ರಾಗ ಸಂಯೋಜನೆ, ತಂತ್ರಜ್ಞರ ದಿನಗೂಲಿ ಎರಡು ಚಿತ್ರಗಳ ನಡುವೆ ಹಂಚಿಹೋಗುತ್ತವೆ. ಕನ್ನಡದ ಮಾರುಕಟ್ಟೆ ಆಗ ಚಿಕ್ಕದು. ಮೈಸೂರು ಸೀಮೆ ಒಂದು ಕಡೆ, ಮುಂಬಯಿ ಕರ್ನಾಟಕ ಒಂದು ಕಡೆ, ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿನ ಕಡೆ ಹಂಚಿಹೋಗಿದ್ದ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಕನ್ನಡಕ್ಕೆ ಮಾತ್ರ ನೆಚ್ಚಿ ದೊಡ್ಡ ಸೆಟ್ ಹಾಕುವ ಧೈರ್ಯ ಯಾರಿಗೂ ಸುಲಭಕ್ಕೆ ಬರುತ್ತಿರಲಿಲ್ಲ. ತಮಿಳಿನ ಜೊತೆ ಕೂಡಿಸಿದರೆ ಕನ್ನಡಕ್ಕೂ ಒಳ್ಳೆಯ ಸೆಟ್, ಒಳ್ಳೆಯ ಸಂಗೀತ ಸಿಗುತ್ತಿತ್ತು. ಪದ್ಮಿನಿ ಪಿಕ್ಚರ್ಸಿನ ಅನೇಕ ಚಿತ್ರಗಳಿಗೆ ಸಂಗೀತ ಕೊಟ್ಟ ಟಿ.ಜಿ. ಲಿಂಗಪ್ಪ ತಮಿಳು, ಕನ್ನಡ ಎರಡೂ ಕಡೆಯವರಿಗೆ ಬೇಕಾದವರಾದದ್ದು ಹೀಗೆ.

ಕಷ್ಟವೂ ಅಷ್ಟೇ ಇದೆ. ತಮಿಳಿನಲ್ಲಿ ನಗೆ ತರುವ ಮಾತು ಕನ್ನಡದಲ್ಲಿ ಸಪ್ಪೆಯಾಗಬಹುದು. ಅತ್ತೆ ಸೊಸೆಯನ್ನು ಕರೆಯುವ ರೀತಿ, ಸಾಹುಕಾರ ಆಳನ್ನು ಗದರುವ ರೀತಿ, ಹಬ್ಬದ ಅಡಿಗೆ, ಸೀರೆ ಉಡುವ ಕ್ರಮ ಎಲ್ಲವೂ ಬೇರೆ. ಪದಕ್ಕೆ ಪದ ಇಟ್ಟರೆ ಜನ ಎದ್ದು ಹೋಗುತ್ತಾರೆ. ಆದ್ದರಿಂದಲೇ ಪಂತುಲು ಪ್ರತಿ ಭಾಷೆಯ ಮಾತನ್ನು ಆ ಭಾಷೆಯಲ್ಲಿ ಪಳಗಿದವರಿಂದ ಬರೆಸಿದರು. ಅವರ ತಮಿಳಿನ ದೊಡ್ಡ ಚಿತ್ರಗಳ ಸಂಭಾಷಣೆ ನಾಟಕರಂಗದಲ್ಲಿ ಹೆಸರಾದ ಶಕ್ತಿ ಟಿ.ಕೆ. ಕೃಷ್ಣಸ್ವಾಮಿ ಅವರದು. ಹಲವು ಭಾಷೆ ಬಲ್ಲವನಿಗೆ ತನಗೆ ಯಾವುದು ಎಷ್ಟು ಬರುತ್ತದೆ ಎಂಬ ಅರಿವೂ ಇರಬೇಕು. ಪಂತುಲು ಅವರಿಗೆ ಅದಿತ್ತು.

ಶಾಲೆಯ ಮೇಷ್ಟ್ರು ತೆರೆಗೆ ಬಂದರು

1958ರಲ್ಲಿ ಬಂದ ‘ಸ್ಕೂಲ್ ಮಾಸ್ಟರ್’ ಪಂತುಲು ಅವರನ್ನು ಕನ್ನಡದ ಮನೆಮನೆಗೂ ತಲುಪಿಸಿತು. ನಿರ್ಮಾಣ, ನಿರ್ದೇಶನ ಅವರದೇ; ಮೇಷ್ಟ್ರ ಪಾತ್ರವೂ ಅವರದೇ. ಮೇಷ್ಟ್ರ ಹೆಂಡತಿಯಾಗಿ ಎಂ.ವಿ. ರಾಜಮ್ಮ. ಪ್ರಾಮಾಣಿಕ ಶಿಕ್ಷಕನೊಬ್ಬ ಹಳ್ಳಿಯ ಶಾಲೆಯನ್ನು ತಿದ್ದಿ ನಿಲ್ಲಿಸುತ್ತಾನೆ, ಊರಿನ ದೊಡ್ಡವರ ಸಿಟ್ಟು ಕಟ್ಟಿಕೊಳ್ಳುತ್ತಾನೆ. ಮುಪ್ಪಿನಲ್ಲಿ ಹೆತ್ತ ಮಕ್ಕಳೇ ಕೈಬಿಡುತ್ತಾರೆ. ಆಗ ಕೈಹಿಡಿಯುವವನು ಅವನು ಪಾಠ ಹೇಳಿದ ಹಳೆಯ ವಿದ್ಯಾರ್ಥಿ. ಶಿವಾಜಿ ಗಣೇಶನ್ ಈ ಕನ್ನಡ ಚಿತ್ರದಲ್ಲಿ ಅತಿಥಿ ನಟರಾಗಿ ಕಾಣಿಸಿಕೊಂಡರು. ಚಿತ್ರ 25 ವಾರ ಓಡಿ ಕನ್ನಡಕ್ಕೆ ರಜತ ಮಹೋತ್ಸವದ ಸಂಭ್ರಮ ತಂದಿತು.

ಈ ಕಥೆ ಕನ್ನಡದಲ್ಲೇ ನಿಲ್ಲಲಿಲ್ಲ. ಅದೇ ವರ್ಷ ತಮಿಳಿನಲ್ಲಿ ‘ಎಂಗಳ್ ಕುಡುಂಬಂ ಪೆರಿಸು’ ಆಯಿತು. 1959ರಲ್ಲಿ ಹಿಂದಿಗೆ ಹೋಯಿತು. 1964ರಲ್ಲಿ ಮಲಯಾಳಂಗೆ ಹೋಯಿತು. 1972ರಲ್ಲಿ ತೆಲುಗಿನಲ್ಲಿ ಎನ್.ಟಿ. ರಾಮರಾವ್ ಮೇಷ್ಟ್ರಾದರು; ಆ ಚಿತ್ರದ ಹೆಸರು ‘ಬಡಿ ಪಂತುಲು’, ಅಂದರೆ ಶಾಲೆಯ ಮೇಷ್ಟ್ರು. 1973ರಲ್ಲಿ ಮತ್ತೊಮ್ಮೆ ತಮಿಳಿನಲ್ಲಿ ಜೆಮಿನಿ ಗಣೇಶನ್ ಮೇಷ್ಟ್ರ ಪಾತ್ರ ಮಾಡಿದರು. ಕನ್ನಡದಲ್ಲಿ ಹುಟ್ಟಿದ ಒಂದು ಕಥೆ ಐದು ಭಾಷೆಯ ತಂದೆತಾಯಿಯರ ಕಣ್ಣು ಒದ್ದೆ ಮಾಡಿತು. ತಮಿಳಿನಿಂದ ಕನ್ನಡಕ್ಕೆ ಕಥೆ ಬರುತ್ತದೆ ಎಂದಷ್ಟೇ ಕೇಳಿ ಬೆಳೆದವರಿಗೆ, ಕನ್ನಡದಿಂದ ತಮಿಳಿಗೆ ಹೋದ ಕಥೆಯೂ ಇದೆ ಎಂದು ಹೇಳಲು ಇದು ಒಳ್ಳೆಯ ಉದಾಹರಣೆ.

ಎರಡು ನಾಡಿನ ಎರಡು ಚರಿತ್ರೆ

ಪಂತುಲು ಅವರ ಹೆಸರು ತಮಿಳುನಾಡಿನಲ್ಲಿ ಉಳಿದಿರುವುದು ಚಾರಿತ್ರಿಕ ಚಿತ್ರಗಳಿಂದ. 1959ರ ‘ವೀರಪಾಂಡಿಯ ಕಟ್ಟಬೊಮ್ಮನ್’ ಅವುಗಳಲ್ಲಿ ಮೊದಲನೆಯದು. ಈಸ್ಟ್ ಇಂಡಿಯಾ ಕಂಪೆನಿಗೆ ಕಪ್ಪ ಕೊಡಲೊಪ್ಪದೆ 1799ರಲ್ಲಿ ಕಯತ್ತಾರಿನಲ್ಲಿ ನೇಣಿಗೇರಿದ ಪಾಳೆಯಗಾರನ ಕಥೆ. ಬಣ್ಣದ ಚಿತ್ರ. ಇದರ ಪಾತ್ರಕ್ಕಾಗಿ ಶಿವಾಜಿ ಗಣೇಶನ್ ಅವರಿಗೆ 1960ರಲ್ಲಿ ಕೈರೋದ ಆಫ್ರೋ–ಏಷ್ಯನ್ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು. ಹೊರದೇಶದ ಚಿತ್ರೋತ್ಸವದಲ್ಲಿ ದಕ್ಷಿಣದ ನಟನೊಬ್ಬನಿಗೆ ಅಂಥ ಮನ್ನಣೆ ಆಗ ಅಪರೂಪ.

1961ರಲ್ಲಿ ಪಂತುಲು ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’, ತಮಿಳಿನಲ್ಲಿ ‘ಕಪ್ಪಲೋಟ್ಟಿಯ ತಮಿಳನ್’. ಒಂದರಲ್ಲಿ ಬಿ. ಸರೋಜಾದೇವಿ ರಾಣಿ ಚೆನ್ನಮ್ಮ, ರಾಜಕುಮಾರ್ ಮಲ್ಲಸರ್ಜ, ಎಂ.ವಿ. ರಾಜಮ್ಮ ರುದ್ರಮ್ಮ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ ಕಿತ್ತೂರಿನ ಕಥೆ ಅದು. ಇನ್ನೊಂದರಲ್ಲಿ ಶಿವಾಜಿ ಗಣೇಶನ್ ವಿ.ಓ. ಚಿದಂಬರಂ ಪಿಳ್ಳೈ. ಬ್ರಿಟಿಷ್ ಹಡಗು ಕಂಪೆನಿಗೆ ಎದುರಾಗಿ 1906ರಲ್ಲಿ ತೂತುಕುಡಿಯಲ್ಲಿ ಸ್ವದೇಶಿ ಹಡಗು ಕಂಪೆನಿ ಕಟ್ಟಿ, ಜೈಲಿಗೆ ಹೋಗಿ, ಅಲ್ಲಿ ಗಾಣ ಎಳೆದ ವಕೀಲರ ಕಥೆ ಅದು.

ಆ ವರ್ಷದ ರಾಷ್ಟ್ರ ಪ್ರಶಸ್ತಿಗಳಲ್ಲಿ ಎರಡೂ ಚಿತ್ರಗಳಿಗೆ ಮನ್ನಣೆ ಬಂತು. ಕನ್ನಡ ವಿಭಾಗದಲ್ಲಿ ‘ಕಿತ್ತೂರು ಚೆನ್ನಮ್ಮ’, ತಮಿಳು ವಿಭಾಗದಲ್ಲಿ ‘ಕಪ್ಪಲೋಟ್ಟಿಯ ತಮಿಳನ್’. ಒಬ್ಬನೇ ನಿರ್ದೇಶಕ, ಒಂದೇ ವರ್ಷ, ಎರಡು ಭಾಷೆ. ಕಿತ್ತೂರಿನವರು ಚೆನ್ನಮ್ಮನನ್ನು ತೆರೆಯ ಮೇಲೆ ನೋಡಿ ತಮ್ಮವಳೆಂದು ಹೆಮ್ಮೆಪಟ್ಟರು, ತೂತುಕುಡಿಯವರು ಚಿದಂಬರಂ ಪಿಳ್ಳೈಯವರನ್ನು ನೋಡಿ ತಮ್ಮವರೆಂದು ಹೆಮ್ಮೆಪಟ್ಟರು. ಎರಡನ್ನೂ ತೆಗೆದವರು ತೆಲುಗು ಹೆಸರಿನ ಗಡಿನಾಡ ಮೇಷ್ಟ್ರು.

ಸೋಲಿನ ಲೆಕ್ಕ

ಪ್ರಶಸ್ತಿಯ ಮಾತನ್ನಷ್ಟೇ ಹೇಳಿ ಮುಗಿಸಿದರೆ ವಿದ್ಯಾರ್ಥಿಗಳಿಗೆ ಅರ್ಧ ಕಥೆ ಹೇಳಿದಂತಾಗುತ್ತದೆ. ‘ಕಪ್ಪಲೋಟ್ಟಿಯ ತಮಿಳನ್’ ಈಗ ತಮಿಳಿನ ಶ್ರೇಷ್ಠ ಚಿತ್ರಗಳಲ್ಲಿ ಒಂದು. ಆದರೆ ಬಿಡುಗಡೆಯಾದಾಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ನಿರ್ಮಾಪಕನಿಗೆ ಕೈಕಚ್ಚಿತು.

ಇಲ್ಲಿ ನಿರ್ಮಾಪಕ, ನಿರ್ದೇಶಕ ಎಂಬ ಎರಡು ಕೆಲಸಗಳ ವ್ಯತ್ಯಾಸ ತಿಳಿದಿರಬೇಕು. ಕಥೆಯನ್ನು ತೆರೆಗೆ ತರುವವನು ನಿರ್ದೇಶಕ. ಚಿತ್ರ ಸೋತರೆ ಅವನ ಹೆಸರಿಗೆ ಪೆಟ್ಟು. ಹಣ ಹೊಂದಿಸುವವನು ನಿರ್ಮಾಪಕ. ಸ್ವಂತ ಹಣ, ಸಾಲ, ವಿತರಕರು ಕೊಡುವ ಮುಂಗಡ ಇವನ್ನೆಲ್ಲ ಕೂಡಿಸಿ ಚಿತ್ರ ಮುಗಿಸಬೇಕು. ಚಿತ್ರಮಂದಿರಗಳಿಂದ ದುಡ್ಡು ಬರುವುದು ಕೊನೆಯಲ್ಲಿ; ಅದಕ್ಕೆ ಮೊದಲೇ ನಟರು, ಸ್ಟುಡಿಯೋ, ಫಿಲ್ಮ್ ರೀಲು, ಲೈಟಿನ ಹುಡುಗ ಎಲ್ಲರ ಬಾಕಿ ತೀರಿಸಿರಬೇಕು. ಎರಡೂ ಕೆಲಸ ಒಬ್ಬನೇ ಮಾಡಿದರೆ ಹೆಸರು, ಹಣ ಎರಡಕ್ಕೂ ಅವನೇ ಹೊಣೆ. ಪಂತುಲು ಆ ಹೊಣೆ ಹೊತ್ತಿದ್ದರು.

ಸೋಲಿನ ನಂತರವೂ ಅವರು ಹಿಂಜರಿಯಲಿಲ್ಲ. 1964ರ ಪೊಂಗಲ್ಲಿಗೆ ‘ಕರ್ಣನ್’ ತೆರೆಕಂಡಿತು. ಶಿವಾಜಿ ಕರ್ಣ, ಎನ್.ಟಿ. ರಾಮರಾವ್ ಕೃಷ್ಣ, ಸಂಗೀತ ವಿಶ್ವನಾಥನ್–ರಾಮಮೂರ್ತಿ. ಖರ್ಚು ಅಪಾರ. ಬಂದ ಆದಾಯ ನಿರೀಕ್ಷೆಯಷ್ಟಿರಲಿಲ್ಲ. ಇದೇ ಚಿತ್ರದ ಮೂಲಪ್ರತಿಯನ್ನು ಸಂಸ್ಕರಿಸಿ 2012ರಲ್ಲಿ ಮರುಬಿಡುಗಡೆ ಮಾಡಿದಾಗ ಚೆನ್ನೈಯಲ್ಲಿ ಜನ ಮುಗಿಬಿದ್ದರು. ಹೊಸ ಚಿತ್ರಗಳ ನಡುವೆ ನಲವತ್ತೆಂಟು ವರ್ಷದ ಹಳೆಯ ಚಿತ್ರ ನೂರು ದಿನ ದಾಟಿ ಓಡಿತು. ಆ ಹೊತ್ತಿಗೆ ಪಂತುಲು ತೀರಿಕೊಂಡು ಮೂವತ್ತೇಳು ವರ್ಷಗಳಾಗಿದ್ದವು.

ಕರ್ಣನ ಬಗ್ಗೆ ಕನ್ನಡಿಗರಿಗೆ ಮೊದಲಿನಿಂದಲೂ ವಿಶೇಷ ಪ್ರೀತಿ. ಹತ್ತನೆಯ ಶತಮಾನದ ಪಂಪ ಕವಿ ಅರ್ಜುನನನ್ನು ನಾಯಕನನ್ನಾಗಿ ಮಾಡಿ ಬರೆದ ಕಾವ್ಯದಲ್ಲೂ ಕರ್ಣನ ಮೇಲಿನ ಮಮತೆಯನ್ನು ಅಡಗಿಸಲಾರದೆ ಹೋದ. ಕನ್ನಡ ರಂಗಭೂಮಿಯಲ್ಲಿ ಬೆಳೆದ ನಿರ್ದೇಶಕ ತಮಿಳಿನಲ್ಲಿ ಕರ್ಣನ ಚಿತ್ರ ತೆಗೆದದ್ದರಲ್ಲಿ ಆಶ್ಚರ್ಯವಿಲ್ಲ.

ದಾರಿ ಬದಲಿಸುವ ಧೈರ್ಯ

1964ರ ನಂತರ ಪಂತುಲು ಮತ್ತು ಶಿವಾಜಿ ಗಣೇಶನ್ ಅವರ ದಾರಿಗಳು ಬೇರೆಯಾದವು. ಹತ್ತು ವರ್ಷ ಜೊತೆಗಿದ್ದ ದೊಡ್ಡ ನಟ ಇಲ್ಲದೆ ತಮಿಳಿನಲ್ಲಿ ಉಳಿಯುವುದು ಹೇಗೆ? ಪಂತುಲು ಎಂ.ಜಿ. ರಾಮಚಂದ್ರನ್ ಅವರನ್ನು ಹಾಕಿಕೊಂಡು ‘ಆಯಿರತ್ತಿಲ್ ಒರುವನ್’ (1965) ತೆಗೆದರು. ಗುಲಾಮರಾಗಿ ಮಾರಾಟವಾದವರು, ಕಡಲುಗಳ್ಳರು, ಕತ್ತಿವರಸೆ ತುಂಬಿದ ಸಾಹಸದ ಚಿತ್ರ. ಹಿಂದಿನ ಚಿತ್ರಗಳ ಗಾಂಭೀರ್ಯಕ್ಕಿಂತ ಬೇರೆಯೇ ಬಗೆ. ಭರ್ಜರಿಯಾಗಿ ಗೆದ್ದಿತು. 2014ರಲ್ಲಿ ಇದೂ ಮರುಬಿಡುಗಡೆಯಾಗಿ ಮತ್ತೆ ಜನರನ್ನು ಸೆಳೆಯಿತು.

ಆ ಚಿತ್ರದ ನಾಯಕಿ ಜಯಲಲಿತಾ. ಮೇಲುಕೋಟೆಯಲ್ಲಿ ಹುಟ್ಟಿದ ಆ ಹುಡುಗಿಯನ್ನು ಪಂತುಲು ಹಿಂದಿನ ವರ್ಷವಷ್ಟೇ ಕನ್ನಡದ ‘ಚಿನ್ನದ ಗೊಂಬೆ’ಯಲ್ಲಿ ನಾಯಕಿಯಾಗಿಸಿದ್ದರು. ಅದೇ ಕಥೆ ತಮಿಳಿನಲ್ಲಿ ‘ಮುರಡನ್ ಮುತ್ತು’ ಆಗಿತ್ತು. ಎಂ.ಜಿ.ಆರ್. ಮತ್ತು ಜಯಲಲಿತಾ ಮೊದಲ ಬಾರಿಗೆ ಜೋಡಿಯಾದದ್ದು ‘ಆಯಿರತ್ತಿಲ್ ಒರುವನ್’ ಚಿತ್ರದಲ್ಲೇ. ಎಂ.ಜಿ.ಆರ್. 1977ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾದರು, ಎನ್.ಟಿ. ರಾಮರಾವ್ 1983ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು, ಜಯಲಲಿತಾ 1991ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾದರು. ಮೂವರೂ ಈ ಮೇಷ್ಟ್ರ ಮಾತಿನಂತೆ ಕ್ಯಾಮೆರಾ ಮುಂದೆ ನಿಂತವರು.

ತಮಿಳಿನಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಪಂತುಲು ಕನ್ನಡವನ್ನು ಮರೆತಿರಲಿಲ್ಲ. ‘ಮಕ್ಕಳ ರಾಜ್ಯ’ (1960), ‘ಗಾಳಿ ಗೋಪುರ’ (1962), ‘ಎಮ್ಮೆ ತಮ್ಮಣ್ಣ’ (1966), ‘ಬೀದಿ ಬಸವಣ್ಣ’ (1967) ಒಂದರ ಹಿಂದೊಂದು ಬಂದವು. 1970ರ ‘ಶ್ರೀಕೃಷ್ಣದೇವರಾಯ’ದಲ್ಲಿ ರಾಜಕುಮಾರ್ ರಾಯನಾದರೆ ಪಂತುಲು ತಾವೇ ಮಹಾಮಂತ್ರಿ ತಿಮ್ಮರಸುವಾದರು. 60ರ ಹಿರಿಯ, ಅರಸನಿಗೆ ಬುದ್ಧಿ ಹೇಳುವ ಮಂತ್ರಿಯ ಪಾತ್ರದಲ್ಲಿ ಹೇಗೆ ಒಪ್ಪಿದರೆಂಬುದನ್ನು ಆ ಚಿತ್ರ ನೋಡಿದವರೇ ಹೇಳಬೇಕು.

1974ರ ಅಕ್ಟೋಬರ್ 8ರಂದು ಪಂತುಲು ನಿಧನರಾದರು. ಅವರು ಕೈಗೆತ್ತಿಕೊಂಡಿದ್ದ ‘ಮಧುರೈಯೈ ಮೀಟ್ಟ ಸುಂದರಪಾಂಡಿಯನ್’ ಚಿತ್ರವನ್ನು ನಾಯಕನಟ ಎಂ.ಜಿ.ಆರ್. ಅವರೇ ನಿರ್ದೇಶಿಸಿ ಮುಗಿಸಿದರು. 1978ರಲ್ಲಿ ಅದು ಬಿಡುಗಡೆಯಾದಾಗ ಎಂ.ಜಿ.ಆರ್. ಮುಖ್ಯಮಂತ್ರಿಯಾಗಿದ್ದರು.

ಶಿಷ್ಯ ಮತ್ತು ಮಗಳು

ಮೇಷ್ಟ್ರನ್ನು ಅಳೆಯುವುದು ಅವರ ಶಿಷ್ಯರಿಂದ. ಪಂತುಲು ಅವರ ಬಳಿ ಸಹಾಯಕರಾಗಿ ಕೆಲಸ ಕಲಿತವರಲ್ಲಿ ಒಬ್ಬರು ಎಸ್.ಆರ್. ಪುಟ್ಟಣ್ಣ ಕಣಗಾಲ್. ಮಲಯಾಳಂನ ‘ಸ್ಕೂಲ್ ಮಾಸ್ಟರ್’ (1964) ನಿರ್ದೇಶಿಸಿದವರು ಅವರೇ; 1973ರ ತಮಿಳು ‘ಸ್ಕೂಲ್ ಮಾಸ್ಟರ್’ ಕೂಡ ಅವರದೇ. ಕನ್ನಡದಲ್ಲಿ ಅವರ ಮೊದಲ ಚಿತ್ರ ‘ಬೆಳ್ಳಿಮೋಡ’ ಬಂದದ್ದು 1967ರಲ್ಲಿ. ಆಮೇಲೆ ಅವರು ಏನಾದರೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಗುರುವಿನ ಕಥೆಯನ್ನೇ ಇನ್ನೊಂದು ಭಾಷೆಯಲ್ಲಿ ಹೇಳುವುದು ಶಿಷ್ಯನಿಗೆ ಮೊದಲ ಪರೀಕ್ಷೆಯಾಗಿತ್ತು.

ಹೆಣ್ಣುಮಕ್ಕಳ ತಂದೆತಾಯಿಯರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ಕ್ಯಾಮೆರಾ ಹಿಡಿದರು. ಭಾರವಾದ ಕ್ಯಾಮೆರಾ, ಹೊತ್ತುಗೊತ್ತಿಲ್ಲದ ಚಿತ್ರೀಕರಣ, ಸುತ್ತಲೂ ಗಂಡಸರೇ ಇರುವ ಕೆಲಸ ಹೆಣ್ಣಿಗೆ ತಕ್ಕದ್ದಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಛಾಯಾಗ್ರಾಹಕ ಅಶೋಕ್ ಕುಮಾರ್ ಅವರ ಬಳಿ ಸಹಾಯಕಿಯಾಗಿ ಕಲಿತು, 1985ರಲ್ಲಿ ಕೆ. ಭಾಗ್ಯರಾಜ್ ಅವರ ‘ಚಿನ್ನ ವೀಡು’ ಚಿತ್ರಕ್ಕೆ ಸ್ವತಂತ್ರ ಛಾಯಾಗ್ರಾಹಕಿಯಾದರು. ಏಷ್ಯಾದ ಮೊದಲ ಮಹಿಳಾ ಛಾಯಾಗ್ರಾಹಕಿ ಎಂದು ಅವರನ್ನು ಕರೆಯುತ್ತಾರೆ. ಮುಂದೆ ನಿರ್ದೇಶಕಿಯೂ ಆದ ಅವರು 2018ರಲ್ಲಿ ತೆಗೆದ ಒಂದು ಚಿತ್ರ ಎರಡು ಭಾಷೆಯದು: ತಮಿಳಿನಲ್ಲಿ ‘ಅಭಿಯುಂ ಅನುವುಂ’, ಜೊತೆಗೆ ಅದರ ಮಲಯಾಳಂ ರೂಪ. ಅಪ್ಪನ ಅಭ್ಯಾಸ ಮಗಳಿಗೂ ಬಂದಿತ್ತು.

ಮಳಖೇಡದ ನೆಲದಲ್ಲಿ

ಈಗ ನಮ್ಮ ಸೀಮೆಗೆ ಬರೋಣ. ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಶಾಲೆಯ ಪ್ರವಾಸ ಹೋದ ಮಕ್ಕಳು ಕಾಗಿಣಾ ನದಿಯ ದಂಡೆಯ ಕೋಟೆ ನೋಡಿ ಬರುತ್ತಾರೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ಅದೇ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಮುಂದಿನ ಶತಮಾನದಲ್ಲಿ ಅದೇ ಮಾನ್ಯಖೇಟದಲ್ಲಿ ಕೂತು ಪುಷ್ಪದಂತ ಎಂಬ ಕವಿ ಅಪಭ್ರಂಶ ಭಾಷೆಯಲ್ಲಿ ‘ಮಹಾಪುರ

ಾಣ’ ರಚಿಸಿದ. ಕನ್ನಡದ ಪೊನ್ನನೂ ಆ ಕಾಲದವನೇ. ಒಂದೇ ರಾಜಧಾನಿಯಲ್ಲಿ ಮೂರು ಭಾಷೆಯ ಪಂಡಿತರು ಅಕ್ಕಪಕ್ಕ ಬಾಳಿದ್ದರು. ಕನ್ನಡ ಅದರಿಂದ ಸೊರಗಲಿಲ್ಲ, ಬೆಳೆಯಿತು.

ಹಲವು ಭಾಷೆ ಈ ನೆಲಕ್ಕೆ ಹೊಸದಲ್ಲ ಎಂದ ಮೇಲೆ ನಮ್ಮ ಮಕ್ಕಳು ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಪಂತುಲು ಅವರ ಬದುಕು ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ಮಾತು ಬರುವುದು ಬೇರೆ, ಭಾಷೆ ಬರುವುದು ಬೇರೆ. ಬೀದಿಯಲ್ಲಿ ತೆಲುಗು ಆಡುವ ಹುಡುಗ ತೆಲುಗಿನ ಅಕ್ಷರ ಕಲಿತು ಒಂದು ಪುಸ್ತಕ ಓದಿದರೆ ಅದು ಅವನ ಸ್ವತ್ತು. ಮನೆಯಲ್ಲಿ ಉರ್ದು ಆಡುವ ಹುಡುಗಿ ಕನ್ನಡದ ಒಂದು ಕಥೆಯನ್ನು ಉರ್ದುವಿನಲ್ಲಿ ಅಜ್ಜಿಗೆ ಹೇಳಿ ನಗಿಸಿದರೆ ಅವಳು ಪಂತುಲು ಮಾಡಿದ ಕೆಲಸವನ್ನೇ ಸಣ್ಣದಾಗಿ ಮಾಡಿದಂತೆ. ಒಂದನ್ನಾದರೂ ತಪ್ಪಿಲ್ಲದೆ ಓದಿ ಬರೆಯುವಷ್ಟು ಗಟ್ಟಿ ಮಾಡಿಕೊಂಡರೆ ಉಳಿದವು ಅದರ ಆಸರೆಯಲ್ಲಿ ಬೆಳೆಯುತ್ತವೆ. ಶಾಲೆಯ ವಾರ್ಷಿಕೋತ್ಸವದ ನಾಟಕವನ್ನು ಎರಡು ಭಾಷೆಯಲ್ಲಿ ಆಡಿಸಿ ನೋಡುವ ಶಿಕ್ಷಕರಿದ್ದರೆ ಮಕ್ಕಳಿಗೆ ಇದು ಪಾಠಕ್ಕಿಂತ ಬೇಗ ತಿಳಿಯುತ್ತದೆ.

ಸಿನಿಮಾದ ಕಡೆಗೇ ಒಲವಿರುವ ಮಕ್ಕಳಿಗೂ ಈಗ ದಾರಿಗಳಿವೆ. ಪುಣೆಯಲ್ಲಿ 1960ರಲ್ಲಿ ಆರಂಭವಾದ ಚಲನಚಿತ್ರ ಸಂಸ್ಥೆಯಿದೆ, ಚೆನ್ನೈಯ ತರಮಣಿಯಲ್ಲಿ ಸರ್ಕಾರದ ಸಂಸ್ಥೆಯಿದೆ, ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ ನಮ್ಮದೇ ಸರ್ಕಾರಿ ಸಂಸ್ಥೆಯಿದೆ. ಛಾಯಾಗ್ರಹಣ, ಧ್ವನಿ, ಸಂಕಲನ ಇವೆಲ್ಲ ಕಲಿತು ಮಾಡುವ ಕಸುಬುಗಳು. ನಟನಾಗಬೇಕೆಂದು ಮನೆ ಬಿಟ್ಟು ಓಡುವುದೊಂದೇ ದಾರಿಯಾಗಿದ್ದ ಕಾಲ ಹೋಗಿದೆ. ಮಗ ಅಥವಾ ಮಗಳು ಇಂಥ ಆಸೆ ಹೇಳಿಕೊಂಡಾಗ ‘ಸಿನಿಮಾ ಹುಚ್ಚು’ ಎಂದು ಬಾಯಿ ಮುಚ್ಚಿಸುವ ಮೊದಲು ಎರಡು ಪ್ರಶ್ನೆ ಕೇಳಬಹುದು. ಯಾವ ಕೆಲಸ ಕಲಿಯುತ್ತೀ? ದುಡ್ಡು ಬಾರದ ದಿನಗಳಲ್ಲಿ ಏನು ಮಾಡುತ್ತೀ? ಉತ್ತರ ಹುಡುಕಲು ಮಕ್ಕಳಿಗೆ ಸಮಯ ಕೊಡಬೇಕು. ಪಂತುಲು ಅವರಿಗೂ ಬೇಕಾದದ್ದು ಅದೇ. 26ಕ್ಕೆ ನಟ, 44ಕ್ಕೆ ನಿರ್ಮಾಪಕ, 47ಕ್ಕೆ ನಿರ್ದೇಶಕ. ನಡುವಿನ ವರ್ಷಗಳನ್ನು ಅವರು ಕಲಿಯುವುದರಲ್ಲಿ ಕಳೆದರು.

ಬರುವ ರಜೆಯಲ್ಲಿ ಮನೆಯವರೆಲ್ಲ ಕೂತು ‘ಸ್ಕೂಲ್ ಮಾಸ್ಟರ್’ ನೋಡಲಿ. ಸಾಧ್ಯವಾದರೆ ತೆಲುಗಿನ ‘ಬಡಿ ಪಂತುಲು’ ಕೂಡ ನೋಡಲಿ. ಯಾವ ಮಾತು ಎಲ್ಲಿ ಬದಲಾಗಿದೆ, ಏಕೆ ಬದಲಾಗಿದೆ ಎಂದು ಮಕ್ಕಳನ್ನೇ ಕೇಳಿ. ಸೇಡಂ, ಚಿಂಚೋಳಿಯ ಮಕ್ಕಳಿಗೆ ಆ ಉತ್ತರ ಹೇಳಲು ಯಾರ ಸಹಾಯವೂ ಬೇಕಾಗಲಿಕ್ಕಿಲ್ಲ.